ಓದುಗರ ಪ್ರಶ್ನೆ: ಲೆಸ್ಲಿ ಸ್ಟೀಫನ್ ಮತ್ತು ಅವರ ಜೀವನಚರಿತ್ರೆ ಕೋಶ

ವಿಕ್ಟೋರಿಯಾ ಕಾಲದ ವಿಮರ್ಶಕ, ಜೀವನಚರಿತ್ರೆಕಾರ ಲೆಸ್ಲಿ ಸ್ಟೀಫನ್ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಲಾಗಿದೆ.

ಇಂಗ್ಲಿಷ್ ಎಂ.ಎ. ಪಾಠಗಳಲ್ಲಿ ಲೆಸ್ಲಿ ಸ್ಟೀಫನ್ ಹೆಸರು ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ಅವರ ತಂದೆ ಎಂದಷ್ಟೇ ಬಂದು ಹೋಗುತ್ತದೆ. ಅವರನ್ನು ಪ್ರತ್ಯೇಕವಾಗಿ ಓದುವಂಥದ್ದು ಏನಿದೆ?

ಬೇಕಾದಷ್ಟಿದೆ. ಮಗಳ ಕೀರ್ತಿ ಬಂದ ಮೇಲೆ ತಂದೆಯ ಕೆಲಸ ಹಿಂದೆ ಸರಿಯಿತು. ಆದರೆ ಇಂಗ್ಲಿಷಿನಲ್ಲಿ ಇವತ್ತು ಯಾರದೇ ಬದುಕಿನ ಬಗ್ಗೆ ಒಂದು ಪುಟದ ನಂಬಲರ್ಹ ಬರಹ ಹುಡುಕಿದರೂ ಅದರ ಮೈಕಟ್ಟಿನಲ್ಲಿ ಸ್ಟೀಫನ್ ಅವರ ಕೈ ಕಾಣುತ್ತದೆ.

ಹುಟ್ಟಿದ್ದು 1832ರ ನವೆಂಬರ್ 28, ಲಂಡನ್ನಿನಲ್ಲಿ. ಈಟನ್, ಲಂಡನ್ನಿನ ಕಿಂಗ್ಸ್ ಕಾಲೇಜು, ಆಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಹಾಲ್. ಅಲ್ಲೇ ಫೆಲೊ, ಅಂದರೆ ಕಾಲೇಜಿನ ಅಧ್ಯಾಪಕ ಮಂಡಲಿಯ ಸದಸ್ಯ, ಆದರು. ಆಗಿನ ನಿಯಮದಂತೆ ಪಾದ್ರಿ ದೀಕ್ಷೆಯನ್ನೂ ತೆಗೆದುಕೊಂಡರು. ಬೈಬಲಿನ ಕಥೆಗಳು ನಿಜವೆಂಬ ನಂಬಿಕೆ ಹೋದ ಮೇಲೆ ಪ್ರಾರ್ಥನೆ ನಡೆಸಲಾರೆ ಎಂದು 1862ರಲ್ಲಿ ಟ್ಯೂಟರ್ ಹುದ್ದೆ ಬಿಟ್ಟರು. ಲಂಡನ್ನಿಗೆ ಬಂದು ಪತ್ರಿಕೆಗಳಿಗೆ ಬರೆದು ಬದುಕಿದರು. 1871ರಿಂದ 1882ರವರೆಗೆ ‘ಕಾರ್ನ್‌ಹಿಲ್ ಮ್ಯಾಗಜಿನ್’ ಸಂಪಾದಕರಾಗಿದ್ದರು. 1876ರಲ್ಲಿ ಹದಿನೆಂಟನೇ ಶತಮಾನದ ಇಂಗ್ಲಿಷ್ ಚಿಂತನೆಯ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ತಂದರು. ಜಾನ್ ಮಾರ್ಲಿ ಸಂಪಾದಿಸಿದ ‘ಇಂಗ್ಲಿಷ್ ಮೆನ್ ಆಫ್ ಲೆಟರ್ಸ್’ ಮಾಲೆಗೆ ಜಾನ್ಸನ್ (1878), ಪೋಪ್ (1880), ಸ್ವಿಫ್ಟ್ (1882), ಜಾರ್ಜ್ ಎಲಿಯಟ್ (1902), ಹಾಬ್ಸ್ (1904) ಹೀಗೆ ಐದು ಪುಸ್ತಕ ಬರೆದರು. ಇವೆಲ್ಲದರ ನಡುವೆ ‘ಡಿಕ್ಷನರಿ ಆಫ್ ನ್ಯಾಷನಲ್ ಬಯಾಗ್ರಫಿ’, ಅಂದರೆ ಬ್ರಿಟನ್ನಿನ ರಾಷ್ಟ್ರೀಯ ಜೀವನಚರಿತ್ರೆ ಕೋಶ ಡಿ.ಎನ್.ಬಿ.ಯ ಮೊದಲ ಸಂಪಾದಕರಾದರು. 1902ರಲ್ಲಿ ಸರ್ ಪದವಿ ಬಂತು. 1904ರ ಫೆಬ್ರವರಿ 22ರಂದು ತೀರಿಕೊಂಡರು.

ಭಾರತದ 1872ರ ಸಾಕ್ಷ್ಯ ಅಧಿನಿಯಮ ರೂಪಿಸಿದ ಸ್ಟೀಫನ್ ಇವರೇನಾ?

ಅಲ್ಲ, ಅವರು ಅಣ್ಣ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. 1869ರಿಂದ 1872ರವರೆಗೆ ವೈಸ್‌ರಾಯ್ ಮಂಡಲಿಯ ಕಾನೂನು ಸದಸ್ಯರಾಗಿದ್ದವರು. ಅಣ್ಣ ತೀರಿಕೊಂಡ ಮರುವರ್ಷವೇ, 1895ರಲ್ಲಿ, ಲೆಸ್ಲಿ ಅಣ್ಣನ ಜೀವನಚರಿತ್ರೆ ಪ್ರಕಟಿಸಿದರು. ಭಾರತದಲ್ಲಿ ಕಾನೂನುಗಳನ್ನು ಸಂಹಿತೆಗೆ ಇಳಿಸಿದ ಕೆಲಸದ ವಿವರ ಅದರಲ್ಲಿದೆ. ಕಾನೂನು ಓದುವವರಿಗೆ ಇಂದಿಗೂ ಉಪಯುಕ್ತ.

ಸಂಪಾದಕರಾಗಿ ಅವರು ಥಾಮಸ್ ಹಾರ್ಡಿಯವರ ಬರಹಕ್ಕೆ ಕತ್ತರಿ ಹಾಕಿದರು ಎಂದು ಕೇಳಿದ್ದೇವೆ. ನಿಜವೇ?

ನಿಜ. ಆದರೆ ಹಾರ್ಡಿಯನ್ನು ಬೆಳಕಿಗೆ ತಂದವರೂ ಅವರೇ. ಹಾರ್ಡಿಯ ಹಿಂದಿನ ಹಳ್ಳಿಗಾಡಿನ ಕಾದಂಬರಿಯೊಂದನ್ನು ಮೆಚ್ಚಿ, ಕಾರ್ನ್‌ಹಿಲ್‌ಗೆ ಧಾರಾವಾಹಿ ಬರೆಯಿರಿ ಎಂದು ತಾವಾಗಿಯೇ ಕಾಗದ ಬರೆದರು. ಹೀಗೆ ಬಂದ ‘ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್’ 1874ರ ಜನವರಿಯಿಂದ ಡಿಸೆಂಬರ್‌ವರೆಗೆ ಲೇಖಕರ ಹೆಸರಿಲ್ಲದೆ ಪ್ರಕಟವಾಯಿತು. ಕಾರ್ನ್‌ಹಿಲ್ ಮನೆಮಂದಿಯೆಲ್ಲ ಓದುವ ಪತ್ರಿಕೆ. ಕಾದಂಬರಿಯಲ್ಲಿ ಮದುವೆಯಾಗದೆ ತಾಯಿಯಾಗಿ ಸಾಯುವ ಫ್ಯಾನಿ ರಾಬಿನ್‌ಳ ಶವಪೆಟ್ಟಿಗೆಯಲ್ಲಿ ಮಗುವೂ ಇದೆ ಎಂಬುದನ್ನು ಆದಷ್ಟು ಮರೆಯಲ್ಲಿಡುವಂತೆ ಸಂಪಾದಕರು ಸೂಚಿಸಿದರು. ಮುಂದೆ ‘ದ ರಿಟರ್ನ್ ಆಫ್ ದ ನೇಟಿವ್’ ಬಂದಾಗ, ಅದರ ಪಾತ್ರಗಳಾದ ಯೂಸ್ಟೇಶಿಯಾ, ವೈಲ್ಡೀವ್, ಥಾಮಸಿನ್ ಸಂಬಂಧ ಎಲ್ಲಿಗೆ ಹೋಗುತ್ತದೋ ಎಂಬ ಅಳುಕಿನಿಂದ ಮಾತು ಕೊಡಲಿಲ್ಲ. ಕಾದಂಬರಿ ಬೇರೆ ಪತ್ರಿಕೆಗೆ ಹೋಯಿತು.

ಸ್ವಂತ ಬದುಕಿನಲ್ಲಿ ದೇವರ ವಿಚಾರದಲ್ಲೂ ರಾಜಿಯಾಗದ ಮನುಷ್ಯ ಸಂಪಾದಕರ ಕುರ್ಚಿಯಲ್ಲಿ ಇಷ್ಟು ಹೆದರಿದ್ದು ವಿಚಿತ್ರವಾಗಿ ಕಾಣುತ್ತದೆ. ಅವರ ಮಟ್ಟಿಗೆ ಅವು ಎರಡು ಬೇರೆ ಜವಾಬ್ದಾರಿಗಳು: ಹುದ್ದೆ ಬಿಡುವಾಗ ನಷ್ಟ ತಮ್ಮದು, ಚಂದಾದಾರರು ಬಿಟ್ಟುಹೋದರೆ ಅದು ಮಾಲೀಕರದು. ಈ ಸಮರ್ಥನೆ ಅರ್ಥವಾಗುತ್ತದೆ. ಆದರೂ ಸಾಹಿತ್ಯದ ದೃಷ್ಟಿಯಿಂದ ಅದು ತಪ್ಪು ನಿರ್ಧಾರವೇ. ಇಬ್ಬರ ಸ್ನೇಹ ಮಾತ್ರ ಕೆಡಲಿಲ್ಲ. 1875ರ ಮಾರ್ಚ್‌ನಲ್ಲಿ ಒಂದು ರಾತ್ರಿ ಸ್ಟೀಫನ್ ಪಾದ್ರಿ ದೀಕ್ಷೆಯನ್ನು ಕಾನೂನುಬದ್ಧವಾಗಿ ತ್ಯಜಿಸುವ ಪತ್ರಕ್ಕೆ ಸಹಿ ಹಾಕಿದಾಗ, ಸಾಕ್ಷಿಯಾಗಿ ಸಹಿ ಹಾಕಲು ಕರೆಸಿಕೊಂಡದ್ದು ಹಾರ್ಡಿಯನ್ನೇ.

ಡಿ.ಎನ್.ಬಿ. ಇಷ್ಟು ದೊಡ್ಡ ಕೋಶವಾಗಿದ್ದೂ ಹೇಳಿದ ಸಮಯಕ್ಕೆ ಮುಗಿಯಿತಂತೆ. ಕೆಲಸ ನಡೆದದ್ದು ಹೇಗೆ? ಎಲ್ಲಿ ಎಡವಟ್ಟಾಯಿತು?

ಹಣ ಹಾಕಿದವರು ಸ್ಮಿತ್, ಎಲ್ಡರ್ ಪ್ರಕಾಶನದ ಜಾರ್ಜ್ ಸ್ಮಿತ್. ಕಾರ್ನ್‌ಹಿಲ್ ಮಾಲೀಕರೂ ಅವರೇ. ಪತ್ರಿಕೆಯ ಪ್ರಸಾರ ಇಳಿಯುತ್ತಿದ್ದ 1882ರಲ್ಲಿ ಅವರು ಸ್ಟೀಫನ್‌ರನ್ನು ಕೋಶದ ಕೆಲಸಕ್ಕೆ ತಂದರು. ಸ್ಮಿತ್ ಮನಸ್ಸಿನಲ್ಲಿದ್ದದ್ದು ಜಗತ್ತಿನ ಎಲ್ಲ ದೇಶಗಳ ಪ್ರಸಿದ್ಧರ ಕೋಶ. ಅದು ಮುಗಿಯುವ ಕೆಲಸವಲ್ಲ, ಒಂದು ರಾಷ್ಟ್ರಕ್ಕೆ ಸೀಮಿತಗೊಳಿಸಿ ಎಂದು ಸ್ಟೀಫನ್ ಒಪ್ಪಿಸಿದರು. ಯೋಜನೆ ಉಳಿದದ್ದು ಈ ಒಂದು ಸಲಹೆಯಿಂದ. ಜತೆಗೆ ಇನ್ನೊಂದು ಗೆರೆ: ತೀರಿಕೊಂಡವರು ಮಾತ್ರ. ಬದುಕಿರುವವರಿಗೆ ಜಾಗವಿಲ್ಲ.

ಮೊದಲು ಅಕ್ಷರವಾರು ಹೆಸರುಗಳ ಪಟ್ಟಿ ತಯಾರಾಗುತ್ತಿತ್ತು. ಅದನ್ನು ‘ಅಥೀನಿಯಂ’ ವಾರಪತ್ರಿಕೆಯಲ್ಲಿ ಪ್ರಕಟಿಸುತ್ತಿದ್ದರು. ಬಿಟ್ಟುಹೋದ ಹೆಸರು ಸೂಚಿಸುವವರು ಸೂಚಿಸಬೇಕು, ಬರೆಯುವವರು ಮುಂದೆ ಬರಬೇಕು. ಆಮೇಲೆ ಹಂಚಿಕೆ, ಹಸ್ತಪ್ರತಿ, ಕಡಿತ, ಕರಡು ತಿದ್ದುವಿಕೆ. ಜಾಕ್ ಅಬಾಡಿ ಎಂಬ ಧರ್ಮಶಾಸ್ತ್ರಜ್ಞನಿಂದ ಶುರುವಾಗುವ ಮೊದಲ ಸಂಪುಟ 1885ರ ಜನವರಿಯಲ್ಲಿ ಬಂತು. ಅಲ್ಲಿಂದ ಮೂರು ತಿಂಗಳಿಗೊಂದು. 63ನೇ ಸಂಪುಟ 1900ರ ನಡುವಿನಲ್ಲಿ ಬಂದಿತೆಂದರೆ ಹದಿನೈದೂವರೆ ವರ್ಷದಲ್ಲಿ ಒಂದು ಗಡುವೂ ತಪ್ಪಲಿಲ್ಲ ಎಂದಾಯಿತು. ಒಟ್ಟು 29,000ಕ್ಕೂ ಹೆಚ್ಚು ಬದುಕುಗಳು, 653 ಲೇಖಕರು. ಸ್ಟೀಫನ್ ಒಬ್ಬರೇ 378 ಲೇಖನ ಬರೆದರು.

ತೊಂದರೆಗಳ ಮೂಲ ಅಕಾರಾದಿ ಕ್ರಮ. ಮಾಸಪತ್ರಿಕೆಯಲ್ಲಿ ಒಂದು ಲೇಖನ ತಡವಾದರೆ ಮುಂದಿನ ಸಂಚಿಕೆಗೆ ತಳ್ಳಬಹುದು. ಇಲ್ಲಿ ಅದಾಗದು. ‘ಬಿ’ಯಲ್ಲಿ ಬರಬೇಕಾದ ಒಬ್ಬನ ಲೇಖನ ಕೈಸೇರದಿದ್ದರೆ ಇಡೀ ಸಂಪುಟ ನಿಲ್ಲುತ್ತದೆ. ಇಲ್ಲವೆ ಸಂಪಾದಕರು ರಾತ್ರಿ ಕೂತು ಬರೆಯಬೇಕು. ಎರಡನೆಯದು ಉದ್ದ. ಪುರಾತನ ದಾಖಲೆಗಳ ಪಂಡಿತರು ಗೊತ್ತಿದ್ದದ್ದನ್ನೆಲ್ಲ ಕಳಿಸುತ್ತಿದ್ದರು: ವಂಶಾವಳಿ, ಉಯಿಲು, ಅಜ್ಜನ ಜಮೀನು. ಮೂರನೆಯದು ಹೊಗಳಿಕೆ. ಲೇಖಕರ ಭೋಜನಕೂಟವೊಂದರಲ್ಲಿ ಕ್ಯಾನನ್ (ಹಿರಿಯ ಪಾದ್ರಿ) ಆಲ್ಫ್ರೆಡ್ ಐಂಜರ್ ಕೋಶದ ನೀತಿಯನ್ನು ‘ದಯವಿಟ್ಟು ಹೂವು ಬೇಡ’ ಎಂದು ಹೇಳಿದರೆಂದು ಪ್ರತೀತಿ. ಶವಸಂಸ್ಕಾರದ ಪ್ರಕಟಣೆಗಳಲ್ಲಿ ಬರುವ ಸಾಲು ಅದು. ಸ್ಟೀಫನ್ ಆ ನೀತಿಯನ್ನು ಅಕ್ಷರಶಃ ಪಾಲಿಸಿದರು.

ಅವರ ಆರೋಗ್ಯ ಈ ಕೆಲಸದಲ್ಲಿ ಕುಸಿಯಿತು. 1883ರಲ್ಲಿ ಸಹಾಯಕರಾಗಿ ಸೇರಿದ ಸಿಡ್ನಿ ಲೀ 1890ರಲ್ಲಿ ಜಂಟಿ ಸಂಪಾದಕರಾದರು. 1891ರಲ್ಲಿ ಸ್ಟೀಫನ್ ಬಿಟ್ಟ ಮೇಲೆ ಪೂರ್ತಿ ಹೊಣೆ ಹೊತ್ತರು. 21 ಸಂಪುಟಗಳ ಮೇಲೆ ಸ್ಟೀಫನ್ ಒಬ್ಬರದೇ ಹೆಸರಿದೆ, ಮುಂದಿನ ಐದರ ಮೇಲೆ ಇಬ್ಬರದೂ. ಕೋಶ ಮುಗಿದ ಶ್ರೇಯಸ್ಸಿನ ದೊಡ್ಡ ಪಾಲು ಲೀ ಅವರಿಗೆ ಸಲ್ಲಬೇಕು. ಆದರೆ ಒಂದು ಲೇಖನ ಹೇಗಿರಬೇಕೆಂದು ಮೊದಲ ಸಂಪುಟಗಳಲ್ಲಿ ತೀರ್ಮಾನವಾಗಿತ್ತು. ಆ ತೀರ್ಮಾನ ಸ್ಟೀಫನ್ ಅವರದು.

ಹಳೆಯ ಡಿ.ಎನ್.ಬಿ. ಅಂತರ್ಜಾಲದಲ್ಲಿ ಸಿಕ್ಕಿದೆ. ಜಾರ್ಜ್ ಎಲಿಯಟ್ ಹುಡುಕಿದರೆ ಎಲಿಯಟ್ ಎಂಬಲ್ಲಿ ಇಲ್ಲ. ಹುಡುಕುವ ಕ್ರಮ ಯಾವುದು?

‘ಕ್ರಾಸ್’ ಎಂಬಲ್ಲಿ ನೋಡಿ. ಎಲಿಯಟ್ ಎಂಬುದು ಲೇಖನನಾಮ. ಆಕೆ ಕೊನೆಯಲ್ಲಿ ಮದುವೆಯಾದದ್ದು ಜಾನ್ ಕ್ರಾಸ್‌ರನ್ನು. ಹಾಗಾಗಿ ಕೋಶದಲ್ಲಿ ಮೇರಿ ಆ್ಯನ್ ಕ್ರಾಸ್. ಕಾದಂಬರಿಗಾರ್ತಿ ಫ್ಯಾನಿ ಬರ್ನಿ ‘ಬಿ’ಯಲ್ಲಿಲ್ಲ, ಗಂಡನ ಹೆಸರಿನಿಂದ ‘ಆರ್ಬ್ಲೇ’ ಎಂಬಲ್ಲಿದ್ದಾರೆ. ಚೆಸ್ಟರ್‌ಫೀಲ್ಡ್ ಪ್ರಭು ‘ಸ್ಟ್ಯಾನ್‌ಹೋಪ್’ ಎಂಬಲ್ಲಿ ಸಿಗುತ್ತಾರೆ, ಏಕೆಂದರೆ ಶ್ರೀಮಂತರಿಗೆ ಬಿರುದಲ್ಲ, ಮನೆತನದ ಹೆಸರೇ ಲೆಕ್ಕ. ರಾಜರಿಗೆ ಮೊದಲ ಹೆಸರು: 26ನೇ ಸಂಪುಟ ಎರಡನೇ ಹೆನ್ರಿಯಿಂದ ಶುರುವಾಗುತ್ತದೆ.

ಲೇಖನ ಸಿಕ್ಕ ಮೇಲೆ ಕೊನೆಯಿಂದ ಓದಿ. ಚೌಕ ಕಂಸದಲ್ಲಿ ಆಕರಗಳಿರುತ್ತವೆ, ಅದರ ಕೆಳಗೆ ಲೇಖಕರ ಮೊದಲಕ್ಷರಗಳು. ‘ಎಲ್. ಎಸ್.’ ಎಂದಿದ್ದರೆ ಸ್ಟೀಫನ್, ‘ಎಸ್. ಎಲ್.’ ಎಂದಿದ್ದರೆ ಸಿಡ್ನಿ ಲೀ. ಉಳಿದವರ ಪೂರ್ಣ ಹೆಸರು ಸಂಪುಟದ ಮೊದಲಲ್ಲಿರುವ ಪಟ್ಟಿಯಲ್ಲಿದೆ. ಲೇಖನದ ನಡುವೆ ಯಾರದೋ ಹೆಸರಿನ ಪಕ್ಕ ‘ಕ್ಯೂ. ವಿ.’ ಎಂದಿದ್ದರೆ ಅವರ ಮೇಲೂ ಕೋಶದಲ್ಲಿ ಲೇಖನವಿದೆ ಎಂದರ್ಥ. ಆಕರಪಟ್ಟಿಯನ್ನು ಮೊದಲು ನೋಡುವುದು ಏಕೆಂದರೆ ಒಂದೇ ಒಂದು ಹಳೆಯ ಶ್ರದ್ಧಾಂಜಲಿ ಲೇಖನ ಆಧಾರವಾಗಿರುವ ಬರಹಕ್ಕೂ, ಪತ್ರಗಳು, ಚರ್ಚ್ ದಾಖಲೆ, ಸಮಕಾಲೀನರ ನೆನಪುಗಳು ಎಲ್ಲವನ್ನೂ ತಾಳೆ ನೋಡಿದ ಬರಹಕ್ಕೂ ಒಂದೇ ತೂಕ ಕೊಡುವಂತಿಲ್ಲ.

ಉಲ್ಲೇಖ ಕೊಡುವಾಗ ಆವೃತ್ತಿ ನಮೂದಿಸಲೇಬೇಕು. ಮೂಲ 63 ಸಂಪುಟಗಳು ಒಂದು, 1908–09ರ 22 ಸಂಪುಟಗಳ ಮರುಮುದ್ರಣ ಇನ್ನೊಂದು. ಪುಟಸಂಖ್ಯೆ ಹೊಂದುವುದಿಲ್ಲ. 1904ರಲ್ಲಿ ತಪ್ಪೋಲೆಗಳದ್ದೇ ಒಂದು ಪ್ರತ್ಯೇಕ ಸಂಪುಟ ಬಂತು, ಆ ತಿದ್ದುಪಡಿಗಳು ಮರುಮುದ್ರಣದಲ್ಲಿ ಸೇರಿವೆ. ಮೂಲ ಸಂಪುಟದ ಸ್ಕ್ಯಾನ್ ಓದುತ್ತಿದ್ದರೆ ಆ ತಪ್ಪುಗಳು ಹಾಗೇ ಇರುತ್ತವೆ. 2004ರ ‘ಆಕ್ಸ್‌ಫರ್ಡ್ ಡಿ.ಎನ್.ಬಿ.’ 60 ಸಂಪುಟಗಳ ಹೊಸ ಕೃತಿ. ಸಂಶೋಧನೆಗೆ ಅದನ್ನೇ ಮೊದಲು ನೋಡಬೇಕು. ಹಳೆಯದನ್ನು ವಿಕ್ಟೋರಿಯಾ ಕಾಲದವರು ಆ ವ್ಯಕ್ತಿಯನ್ನು ಹೇಗೆ ಕಂಡರು ಎಂದು ತಿಳಿಯಲು ಓದಬೇಕು.

ಒಂದೇ ಘಟನೆಗೆ ಎರಡು ಪುಸ್ತಕಗಳಲ್ಲಿ ಎರಡು ಇಸವಿ ಇವೆ. ಯಾವುದನ್ನು ನಂಬುವುದು?

ಘಟನೆ 1752ಕ್ಕಿಂತ ಹಿಂದಿನದು, ತಿಂಗಳು ಜನವರಿ, ಫೆಬ್ರವರಿ ಅಥವಾ ಮಾರ್ಚ್ 24ರೊಳಗಿನದು ಎಂದಾದರೆ ಬಹುಶಃ ಎರಡೂ ಸರಿ. ಇಂಗ್ಲೆಂಡಿನಲ್ಲಿ ಅಲ್ಲಿಯವರೆಗೆ ಕಾನೂನಿನ ಹೊಸವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಒಂದನೇ ಚಾರ್ಲ್ಸ್‌ನ ಶಿರಚ್ಛೇದವಾದದ್ದು ನಮ್ಮ ಲೆಕ್ಕಕ್ಕೆ 1649ರ ಜನವರಿ 30. ಅಂದಿನ ದಾಖಲೆಗಳಲ್ಲಿ ಅದು 1648. ಎರಡೂ ಬರೆಯುವ ರೂಢಿ ಇದೆ: 1648/9.

ಇದರ ಮೇಲೆ ದಿನಾಂಕದ ವ್ಯತ್ಯಾಸ ಬೇರೆ. 1752ರಲ್ಲಿ ಪಂಚಾಂಗ ಬದಲಿಸಿದಾಗ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಕರೆದರು. ಸ್ಯಾಮ್ಯುಯೆಲ್ ಜಾನ್ಸನ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ 1709ರ ಸೆಪ್ಟೆಂಬರ್ 7, ಹೊಸದರಲ್ಲಿ 18. ಜೀವನಚರಿತ್ರೆ ಬರೆಯುವವರು ಒಂದು ಪದ್ಧತಿ ಹಿಡಿದು, ಅದನ್ನು ಮೊದಲ ಪುಟದಲ್ಲೇ ಹೇಳಿಬಿಡುವುದು ಒಳ್ಳೆಯದು. ಬೆರಸಿದರೆ ಮಗ ಹುಟ್ಟಿದ ಮೇಲೆ ಅಪ್ಪನ ಮದುವೆಯಾದಂಥ ಅಸಂಬದ್ಧಗಳು ಬರುತ್ತವೆ.

ಲೇಖಕರ ಬಗ್ಗೆ ಐನೂರು ಪದಗಳ ಪುಟ್ಟ ಪರಿಚಯಗಳನ್ನು ಬರೆಯುತ್ತಿದ್ದೇನೆ. ಸ್ಟೀಫನ್ ಪದ್ಧತಿಯಿಂದ ಏನು ಕಲಿಯಬಹುದು?

ಈ ಪ್ರಶ್ನೆ ಬಂದದ್ದು ಸಂತೋಷ. ಸ್ಟೀಫನ್‌ರನ್ನು ನಿಜವಾಗಿ ಬಳಸಿಕೊಳ್ಳಬಹುದಾದ ಜಾಗವೇ ಇದು.

ಅವರ ಕಾಲದ ಲೇಖನಗಳ ಹಂದರ ಹೀಗಿದೆ: ಹೆಸರು, ಹುಟ್ಟು–ಸಾವಿನ ವರ್ಷ, ಎರಡು ಮೂರು ಪದಗಳಲ್ಲಿ ವೃತ್ತಿ. ತಂದೆ ತಾಯಿ, ಹುಟ್ಟಿದ ಊರು, ಓದು. ಮುಂದೆ ಕಾಲಕ್ರಮದಲ್ಲಿ ಕೆಲಸ. ಮದುವೆ, ಮಕ್ಕಳು. ಸಾವು, ಸಮಾಧಿ. ಆಮೇಲೆ ಸ್ವಭಾವದ ಬಗ್ಗೆ, ಕೃತಿಯ ಬೆಲೆಯ ಬಗ್ಗೆ ಕೆಲವೇ ವಾಕ್ಯ. ಕೃತಿಗಳ ಪಟ್ಟಿ. ಭಾವಚಿತ್ರ ಇದ್ದರೆ ಎಲ್ಲಿದೆ ಎಂಬುದು. ಆಕರಗಳು.

ಐನೂರು ಪದವಾದರೆ ಹುಟ್ಟು ಮತ್ತು ಓದಿಗೆ ಎಪ್ಪತ್ತು ದಾಟಬೇಡಿ. ಎಲ್ಲರೂ ಎಡವುವುದು ಇಲ್ಲೇ. ಬಾಲ್ಯಕ್ಕೆ ಅರ್ಧ ಪುಟ ಹೋಗಿ, ಮುಖ್ಯ ಕೃತಿ ಬರೆದ ವರ್ಷಗಳಿಗೆ ಮೂರು ಸಾಲು ಉಳಿಯುತ್ತದೆ. ಕೆಲಸಕ್ಕೆ ಮುನ್ನೂರು ಇಡಿ, ಮೌಲ್ಯಮಾಪನಕ್ಕೆ ಎಂಬತ್ತು. ಈ ಅಳತೆ ನಮ್ಮದು, ಅನುಪಾತದ ಅರಿವು ಅವರದು. ಪ್ರತಿ ವಿಶೇಷಣದ ಬದಲು ಒಂದು ಸಂಗತಿ ಹುಡುಕಿ. ‘ಪ್ರಾಮಾಣಿಕ’ ಎಂದು ಸ್ಟೀಫನ್ ಬಗ್ಗೆಯೇ ಬರೆಯುವ ಬದಲು ‘ಪ್ರಾರ್ಥನೆ ನಡೆಸಲಾರೆನೆಂದು 1862ರಲ್ಲಿ ಹುದ್ದೆ ಬಿಟ್ಟರು’ ಎಂದರೆ ಓದುಗರೇ ತೀರ್ಮಾನಿಸುತ್ತಾರೆ. ಆದರೆ ಸಂಗತಿಗಳನ್ನು ಪೇರಿಸಿ ಸುಮ್ಮನಾಗುವುದೂ ಅವರಿಗೆ ಒಪ್ಪಿಗೆಯಿರಲಿಲ್ಲ. ಯಾವ ಸಂಗತಿ ಆ ಮನುಷ್ಯನನ್ನು ತೋರಿಸುತ್ತದೆ ಎಂದು ಆರಿಸುವುದರಲ್ಲೇ ಬರೆಯುವವರ ಅಭಿಪ್ರಾಯ ಇರಬೇಕು.

ಇನ್ನೊಂದು ಮಾತು. ಕೋಶ ನಿಜವಾಗಿ ಉಪಯೋಗಕ್ಕೆ ಬರುವುದು ಎರಡನೇ ಸಾಲಿನವರ ಬದುಕುಗಳಿಗೆ ಎಂದು ‘ನ್ಯಾಷನಲ್ ಬಯಾಗ್ರಫಿ’ ಎಂಬ ಪ್ರಬಂಧದಲ್ಲಿ ಅವರು ವಾದಿಸುತ್ತಾರೆ. ಷೇಕ್ಸ್‌ಪಿಯರ್ ಬಗ್ಗೆ ನೂರು ಪುಸ್ತಕಗಳಿವೆ. ಆತನ ಕಾಲದ ಮುದ್ರಕನ ಬಗ್ಗೆ ಈ ಅರ್ಧ ಪುಟ ಬಿಟ್ಟರೆ ಬೇರೇನೂ ಇಲ್ಲದಿರಬಹುದು. ನಿಮ್ಮ ಪಟ್ಟಿಯನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಿ.

‘ಟು ದ ಲೈಟ್‌ಹೌಸ್’ ಕಾದಂಬರಿಯ ರ್‍ಯಾಮ್ಸೆ ಅವರೇ ಸ್ಟೀಫನ್ ಎನ್ನಬಹುದೇ? ಮನೆಯಲ್ಲಿ ಅಷ್ಟು ಕಠಿಣವಾಗಿದ್ದರೇ?

ಮೂಲ ಅವರೇ, ಅದನ್ನು ವುಲ್ಫ್ ಮುಚ್ಚಿಟ್ಟಿಲ್ಲ. 1927ರ ಆ ಕಾದಂಬರಿಯಲ್ಲಿ ರ್‍ಯಾಮ್ಸೆ ಮನುಷ್ಯನ ಚಿಂತನೆಯನ್ನು ‘ಎ’ಯಿಂದ ‘ಝಡ್’ವರೆಗಿನ ಅಕ್ಷರಗಳಂತೆ ಕಲ್ಪಿಸಿ, ತಾನು ‘ಕ್ಯೂ’ವರೆಗೆ ಬಂದೆ, ‘ಆರ್’ ಮುಟ್ಟಲಾರೆ ಎಂದು ಕೊರಗುತ್ತಾನೆ. ವರ್ಷಗಟ್ಟಲೆ ಅಕ್ಷರಮಾಲೆಯ ಕ್ರಮದಲ್ಲಿ ಕೋಶ ಮಾಡಿ, ನಡುವೆ ಬಿಟ್ಟ ತಂದೆಯನ್ನು ಬಲ್ಲವರಿಗೆ ಆ ಭಾಗ ಬೇರೆಯೇ ತೂಕದಲ್ಲಿ ತಟ್ಟುತ್ತದೆ.

ಮನೆಯ ವಿಷಯ ಮೃದುಗೊಳಿಸಿ ಹೇಳುವಂತಿಲ್ಲ. ಮೊದಲ ಪತ್ನಿ ಮಿನ್ನಿ, ಕಾದಂಬರಿಕಾರ ಥ್ಯಾಕರೆಯ ಮಗಳು, 1875ರಲ್ಲಿ ತೀರಿಕೊಂಡರು. 1878ರಲ್ಲಿ ಜೂಲಿಯಾ ಡಕ್‌ವರ್ತ್‌ರನ್ನು ಮದುವೆಯಾದರು. ವನೆಸ್ಸಾ, ಥೋಬಿ, ವರ್ಜೀನಿಯಾ, ಏಡ್ರಿಯನ್ ಅವರ ಮಕ್ಕಳು. 1895ರಲ್ಲಿ ಜೂಲಿಯಾ ಹೋದ ಮೇಲೆ ಅವರ ದುಃಖದ ಭಾರವೆಲ್ಲ ಮನೆಯ ಹೆಣ್ಣುಮಕ್ಕಳ ಮೇಲೆ ಬಿತ್ತು. ವಾರದ ಖರ್ಚಿನ ಪುಸ್ತಕ ತೋರಿಸುವ ಬುಧವಾರಗಳಂದು ವನೆಸ್ಸಾ ಎದುರು ಅವರು ಕೂಗಾಡುತ್ತಿದ್ದ, ನರಳುತ್ತಿದ್ದ ದೃಶ್ಯವನ್ನು ವುಲ್ಫ್ ನೆನಪಿನ ಬರಹದಲ್ಲಿ ಕಟುವಾಗಿ ಚಿತ್ರಿಸಿದ್ದಾರೆ. ಗಂಡುಮಕ್ಕಳು ಕೇಂಬ್ರಿಜ್‌ಗೆ ಹೋದರು, ಹೆಣ್ಣುಮಕ್ಕಳು ಹೋಗಲಿಲ್ಲ. ಬೇರೆಯವರ ಬದುಕಿನಲ್ಲಿ ‘ಹೂವು’ ಬೇಡವೆಂದವರು ಜೂಲಿಯಾ ತೀರಿದ ಕೂಡಲೇ ಮಕ್ಕಳಿಗಾಗಿ ಬರೆದ ಖಾಸಗಿ ನೆನಪುಗಳಲ್ಲಿ ದುಃಖಕ್ಕೆ ಯಾವ ಅಂಕೆಯೂ ಇಲ್ಲ. ಅದು ‘ಮಾಸೋಲಿಯಮ್ ಬುಕ್’ ಹೆಸರಿನಲ್ಲಿ 1977ರಲ್ಲಿ ಅಚ್ಚಾಯಿತು.

ಇನ್ನೊಂದು ಬದಿಯೂ ಇದೆ. ಹದಿನೈದರ ಹುಡುಗಿಗೆ ತಮ್ಮ ಇಡೀ ಗ್ರಂಥಭಂಡಾರವನ್ನು ಯಾವ ತಡೆಯೂ ಇಲ್ಲದೆ ಬಿಟ್ಟುಕೊಟ್ಟದ್ದು ಅದೇ ತಂದೆ. ಇಷ್ಟವಾದದ್ದನ್ನು ಓದು, ಇಷ್ಟವಾಗದ್ದನ್ನು ಮೆಚ್ಚಿದಂತೆ ನಟಿಸಬೇಡ. ಹೇಳಬೇಕಾದದ್ದನ್ನು ಆದಷ್ಟು ಕಡಿಮೆ ಮಾತಿನಲ್ಲಿ ಸ್ಪಷ್ಟವಾಗಿ ಬರೆ, ಇಷ್ಟೇ ಅವರು ಕಲಿಸಿದ್ದೆಂದು 1932ರ ಜನ್ಮಶತಮಾನೋತ್ಸವದ ಲೇಖನದಲ್ಲಿ ವುಲ್ಫ್ ಬರೆಯುತ್ತಾರೆ. ಅವರೇ 1928ರ ದಿನಚರಿಯಲ್ಲಿ, ತಂದೆ ಇನ್ನೂ ಬದುಕಿದ್ದರೆ ತನ್ನ ಬದುಕು ಮುಗಿದುಹೋಗುತ್ತಿತ್ತು, ಪುಸ್ತಕಗಳೇ ಇರುತ್ತಿರಲಿಲ್ಲ ಎಂದೂ ಬರೆದಿದ್ದಾರೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು, ಒಂದನ್ನು ಹಿಡಿದು ಇನ್ನೊಂದನ್ನು ಅಳಿಸುವುದು ಜೀವನಚರಿತ್ರೆಯಲ್ಲ.

ಕೋಶದ ಮೇಲೂ ಮಗಳ ಆಕ್ಷೇಪವಿದೆ. ಮನೆಗೆಲಸದ ಹೆಂಗಸರ ಬದುಕು ಅದರಲ್ಲಿ ಒಂದೂ ಇಲ್ಲವೆಂದು ‘ತ್ರೀ ಗಿನೀಸ್’ (1938) ಟಿಪ್ಪಣಿಯೊಂದರಲ್ಲಿ ವಿಷಾದಿಸಿದ್ದಾರೆ. ಸರಿಯಾದ ಮಾತು. ಬಿಟ್ಟುಹೋದವರಿಗಾಗಿಯೇ 1993ರಲ್ಲಿ ‘ಮಿಸ್ಸಿಂಗ್ ಪರ್ಸನ್ಸ್’ ಎಂಬ ಸಂಪುಟ ತರಬೇಕಾಯಿತು.

ಅವರು ಪರ್ವತಾರೋಹಿಯೂ ಹೌದೇ?

ಹೌದು, ಮೊದಲ ಸಾಲಿನವರು. ಸ್ವಿಟ್ಜರ್ಲೆಂಡಿನ 4,078 ಮೀಟರ್ ಎತ್ತರದ ಶ್ರೆಕ್‌ಹಾರ್ನ್ ಶಿಖರವನ್ನು 1861ರಲ್ಲಿ ಮಾರ್ಗದರ್ಶಕರೊಂದಿಗೆ ಮೊದಲು ಏರಿದ್ದು ಅವರೇ. ಆಲ್ಪೈನ್ ಕ್ಲಬ್ ಅಧ್ಯಕ್ಷರಾಗಿದ್ದರು. ಆಲ್ಪ್ಸ್ ಬರಹಗಳು ‘ದ ಪ್ಲೇಗ್ರೌಂಡ್ ಆಫ್ ಯುರೋಪ್’ (1871) ಪುಸ್ತಕದಲ್ಲಿವೆ.

ಎಲ್ಲಿಂದ ಓದಲು ಶುರುಮಾಡುವುದು?

ಚಿಂತನೆಯ ಇತಿಹಾಸದಿಂದ ಖಂಡಿತ ಬೇಡ. ಹದಿನೆಂಟನೇ ಶತಮಾನದ ಧರ್ಮವಾದಗಳ ಪರಿಚಯವಿಲ್ಲದೆ ಅದು ಐವತ್ತು ಪುಟಕ್ಕೇ ಸುಸ್ತು ಮಾಡುತ್ತದೆ. 1878ರ ‘ಜಾನ್ಸನ್’ ಚಿಕ್ಕ ಪುಸ್ತಕ, ವಿಷಯವೂ ರೋಚಕ, ಬರೆದವರಿಗೂ ಆ ಮನುಷ್ಯನ ಮೇಲೆ ಪ್ರೀತಿ. ಅದರಿಂದ ಶುರುಮಾಡಿ. ಓದಿ ಮುಗಿಸಿದ ಮೇಲೆ ಅದೇ ಜಾನ್ಸನ್ ಮೇಲೆ ಅವರು ಡಿ.ಎನ್.ಬಿ.ಗೆ ಬರೆದ ಲೇಖನ ತೆಗೆದು ಪಕ್ಕದಲ್ಲಿಡಿ. ಪುಸ್ತಕದಲ್ಲಿದ್ದ ಯಾವ ಪ್ರಸಂಗ ಲೇಖನದಲ್ಲಿ ಒಂದು ವಾಕ್ಯವಾಯಿತು, ಯಾವುದು ಪೂರ್ತಿ ಹೋಯಿತು ಎಂದು ಪೆನ್ಸಿಲ್ ಹಿಡಿದು ಗುರುತು ಹಾಕುತ್ತ ಹೋಗಿ. ಸಂಪಾದಕರು ತಮ್ಮ ಬರಹಕ್ಕೇ ಕತ್ತರಿ ಹಾಕಿಕೊಂಡ ರೀತಿ ಕಣ್ಣೆದುರು ಕಾಣುತ್ತದೆ.

ನಂತರ ‘ಅವರ್ಸ್ ಇನ್ ಎ ಲೈಬ್ರರಿ’ ಪ್ರಬಂಧಗಳು. ಡೆಫೊ, ರಿಚರ್ಡ್‌ಸನ್, ಸ್ಕಾಟ್ ಮೇಲಿನವು ಚೆನ್ನಾಗಿವೆ. ವರ್ಡ್ಸ್‌ವರ್ತ್‌ನ ನೀತಿಚಿಂತನೆಯ ಮೇಲಿನ ಪ್ರಬಂಧ ಅವರ ಶಕ್ತಿ ಮತ್ತು ಮಿತಿ ಎರಡನ್ನೂ ತೋರಿಸುತ್ತದೆ: ಕವಿ ಏನು ಯೋಚಿಸಿದ ಎಂಬುದನ್ನು ಅವರಷ್ಟು ತಿಳಿಯಾಗಿ ಬಿಡಿಸಿದವರು ಕಡಿಮೆ. ಆದರೆ ಪದ್ಯದ ನಾದ, ಲಯಗಳ ಕಡೆ ಅವರ ಗಮನ ಅಷ್ಟಾಗಿ ಹರಿಯುವುದಿಲ್ಲ. ಅದಕ್ಕಾಗಿ ಬೇರೆ ವಿಮರ್ಶಕರನ್ನೇ ಹುಡುಕಬೇಕು. ಅವರ ಬದುಕಿನ ಬಗ್ಗೆ ಓದುವುದಾದರೆ ಎರಡು ಪುಸ್ತಕ: ಸ್ನೇಹಿತ, ಕಾನೂನು ಇತಿಹಾಸಕಾರ ಎಫ್. ಡಬ್ಲ್ಯು. ಮೇಟ್‌ಲ್ಯಾಂಡ್ 1906ರಲ್ಲಿ ಪತ್ರಗಳ ಸಮೇತ ಬರೆದದ್ದು, ಮತ್ತು ನೋಯೆಲ್ ಆ್ಯನನ್ 1951ರಲ್ಲಿ ಬರೆದದ್ದು. ವಿಚಾರಗಳಿಗೆ ಆ್ಯನನ್, ಪತ್ರಗಳಿಗೆ ಮೇಟ್‌ಲ್ಯಾಂಡ್.